ಹೆಸರುಕಾಳಿನಷ್ಟು ತಲೆ, ಗಸಗಸೆಯಷ್ಟು ಕಣ್ಣು

ಹಿಂದೊಮ್ಮೆ ಇದೇ ಅಂಕಣದಲ್ಲಿ ಬೇರೇನೋ ಬರೆಯುತ್ತಾ, ರಾತ್ರಿ ಊಟವಾದ ಮೇಲೆ ಹೆಬ್ಬೆರಳಿಗಿಂತ ಗಿಡ್ಡ ರಾಕ್ಷಸರನ್ನು ಮಾಡುತ್ತಾ ಕೂರುತ್ತೇನೆ ಎಂದು ಬಾಯಿಬಿಟ್ಟಿದ್ದೆ. ಆ ಲೇಖನ ಯಾವುದರ ಬಗ್ಗೆ ಇತ್ತೆಂದು ಈಗ ಯಾರಿಗೂ ನೆನಪಿಲ್ಲ, ರಾಕ್ಷಸರು ಮಾತ್ರ ಉಳಿದುಕೊಂಡರು. ಮದುವೆ ಮನೆಯ ಪಂಕ್ತಿಯಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ, ಓದುಗರ ಪತ್ರಗಳಲ್ಲಿ ಅದೇ ವಿಚಾರಣೆ. ಯಾವುದರಲ್ಲಿ ಮಾಡ್ತೀರಿ, ಎಷ್ಟು ದಿನ ಬೇಕು, ಸಾಮಾನು ಎಲ್ಲಿ ಸಿಗುತ್ತೆ ಎಂದು ಶುರುವಾಗುವ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ನಮಗೆಲ್ಲಿ ಬರುತ್ತೆ ಬಿಡಿ ಸಾರ್, ಅದಕ್ಕೆ ಕೈಯಲ್ಲಿ ಕಲೆ ಇರಬೇಕು. ನನ್ನ ಕೈ ನೋಡಿ, ಕಾಫಿ ಲೋಟ ಹಿಡಿದರೇ ನಡುಗುತ್ತೆ." ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭ. ಈ ಕೊನೆಯ ಮಾತಿನ ಮೇಲೆ ಮಾತ್ರ ನನಗೆ ತಕರಾರಿದೆ.

ಇದೇನೆಂದು ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಆಟಿಕೆ ಸಿಪಾಯಿಗಳನ್ನು ನಿಲ್ಲಿಸಿ ಯುದ್ಧದಾಟ ಆಡುವುದು ಯುರೋಪಿನವರ ಹಳೇ ಚಾಳಿ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಅಂತ ಅದಕ್ಕೊಂದು ನಿಯಮದ ಪುಸ್ತಕವನ್ನೇ ಬರೆದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಮೇಜಿನ ಮೇಲೆ ಸಿಪಾಯಿಗಳಿದ್ದ ಜಾಗಕ್ಕೆ ಮಾಂತ್ರಿಕರು, ಕುಬ್ಜರು, ಕೋರೆಹಲ್ಲಿನ ಓರ್ಕ್‌ಗಳು ಬಂದು ನಿಂತರು. ಗೈಗ್ಯಾಕ್ಸ್ ಹಾಂಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಬೊಂಬೆಗಳ ಪೊಟ್ಟಣವೊಂದನ್ನು ತಂದು, ಅದರಲ್ಲಿದ್ದ ಯಾವ ಪ್ರಾಣಿಯನ್ನೂ ಹೋಲದ ಆಕಾರಗಳಿಗೆ ತಾನೇ ಹೆಸರಿಟ್ಟು, ಗುಣ ಕಟ್ಟಿ ಆಟಕ್ಕೆ ಇಳಿಸಿದ್ದ. ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಿನ್ನುವ 'ರಸ್ಟ್ ಮಾನ್‌ಸ್ಟರ್' ಹುಟ್ಟಿದ್ದು ಹಾಗೆ. ಬೊಂಬೆ ಮೊದಲು, ಪುರಾಣ ಆಮೇಲೆ!

ಇಂಥ ಬೊಂಬೆಗಳನ್ನೇ ಮಾಡಿ ಮಾರುವವರು ಬೇಗ ಹುಟ್ಟಿಕೊಂಡರು. 1975ರಲ್ಲಿ ಸಿನ್ಸಿನಾಟಿಯಲ್ಲಿ ರಾಲ್ ಪಾರ್ಥಾ ಎಂಬ ಕಂಪನಿ ಶುರುವಾಯಿತು (ಹೆಸರು ಕೇಳಿದಾಗ ನನಗೆ ನೆನಪಾದದ್ದು ಅರ್ಜುನ). ಅದರ ಮುಖ್ಯ ಶಿಲ್ಪಿ ಟಾಮ್ ಮೈಯರ್ ಆಗಿನ್ನೂ ಹದಿಹರೆಯದ ಹುಡುಗ. ಇಂಗ್ಲೆಂಡಿನಲ್ಲಿ ಗೇಮ್ಸ್ ವರ್ಕ್‌ಶಾಪ್‌ನವರ ಸಿಟಡೆಲ್ ಬಂತು. ರಾಬಿನ್ ಹುಡ್‌ನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಈಗ ಇಂಥ ಕಂಪನಿಗಳು ಎಷ್ಟಿವೆಯೆಂದರೆ, ಹಿಂದೆ ಬೊಂಬೆಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದ ನೆನಪಿಗೆ ಆ ಸೀಮೆಗೆ 'ಸೀಸದ ಪಟ್ಟಿ' ಎಂದೇ ಅಡ್ಡಹೆಸರು. ಅಲ್ಲಿ ಇದು ಉದ್ಯೋಗ. ಮೈಸೂರಿನ ನನ್ನ ಮೇಜಿನ ಮೇಲೆ ಬರೀ ಹವ್ಯಾಸ, ಅದೂ ನಲವತ್ತು ದಾಟಿದ ಮೇಲೆ ಹತ್ತಿಕೊಂಡದ್ದು.

ನನ್ನ ಮೊದಲ ಓರ್ಕ್‌ನ ಕಥೆ ಹೇಳಿಬಿಡುತ್ತೇನೆ. ಮೂರು ರಾತ್ರಿ ಕೂತು ಮಾಡಿದೆ. ಕೆಳದವಡೆಯಿಂದ ಮೇಲಕ್ಕೆ ಬಾಗಿದ ಎರಡು ಕೋರೆ, ಡೊಳ್ಳು ಹೊಟ್ಟೆ, ಅಗಲ ಕಿವಿ. ಮೂಗು ಮಾತ್ರ ಕೈಮೀರಿ ಸ್ವಲ್ಪ ಉದ್ದವಾಯಿತು. ಎದುರು ಮನೆಯ ಎಂಟು ವರ್ಷದ ಹುಡುಗಿ ಬಂದು ಬಹಳ ಹೊತ್ತು ಭಕ್ತಿಯಿಂದ ನೋಡಿ ಕೇಳಿದಳು: "ಅಂಕಲ್, ಗಣಪತಿಗೆ ಎರಡೂ ದಂತ ಇಟ್ಟಿದ್ದೀರಲ್ಲ?" ಏಕದಂತನ ಲೆಕ್ಕ ಅವಳಿಗೆ ಸರಿಯಾಗಿ ಗೊತ್ತಿತ್ತು. ನನಗೆ ಓರ್ಕ್‌ನ ಲೆಕ್ಕ ಗೊತ್ತಿರಲಿಲ್ಲ.

ಸಾಮಾನಿನ ವಿಚಾರಕ್ಕೆ ಬರೋಣ. ಹಳಬರು ಮೇಣದಲ್ಲೋ ಬೆಸುಗೆಯ ಲೋಹದಲ್ಲೋ ಮೂಲಬೊಂಬೆ ಮಾಡುತ್ತಿದ್ದರು. ಎಪಾಕ್ಸಿ ಪುಟ್ಟಿಯನ್ನು ಈ ಕೆಲಸಕ್ಕೆ ತಂದ ಮೊದಲಿಗರಲ್ಲಿ ಟಾಮ್ ಮೈಯರ್ ಒಬ್ಬ. ಅದು ಶಿಲ್ಪಿಗಳಿಗಾಗಿ ಹುಟ್ಟಿದ ಮಾಲಲ್ಲ, ಕೊಳಾಯಿ ರಿಪೇರಿಯವರ ಮಾಲು. ನಲ್ಲಿ ಸೋರಿದರೆ ಮೆತ್ತುವ ನಮ್ಮ ಎಂ-ಸೀಲ್ ಗೊತ್ತಲ್ಲ, ಅದರದೇ ಜಾತಿ. ನೀಲಿ ಒಂದು ಪಟ್ಟಿ, ಹಳದಿ ಒಂದು ಪಟ್ಟಿ, ಎರಡನ್ನೂ ನಾದಿದರೆ ಎಲೆಹಸಿರು. ಅದಕ್ಕೇ 'ಗ್ರೀನ್ ಸ್ಟಫ್' ಎಂಬ ಹೆಸರು. ಹಳದಿ ಹೆಚ್ಚಾದರೆ ಮೆದು, ನೀಲಿ ಹೆಚ್ಚಾದರೆ ಬಿಗಿ. ಎರಡು ಪಟ್ಟಿಗಳು ಅಂಟಿಕೊಂಡೇ ಬಂದಿದ್ದರೆ ಅವು ತಾಗುವ ಗೆರೆಯಲ್ಲಿ ಆಗಲೇ ಗಟ್ಟಿಯಾಗಿರುತ್ತದೆ, ಅಷ್ಟನ್ನು ಕತ್ತರಿಸಿ ಬಿಸಾಡಬೇಕು. ಜಿಪುಣತನ ಮಾಡಿದರೆ ರಾಕ್ಷಸನ ಕೆನ್ನೆಯಲ್ಲಿ ಅಕ್ಕಿನುಚ್ಚು ಸಿಕ್ಕಿದ ಹಾಗಾಗುತ್ತದೆ. ಬ್ರಿಟನ್ನಿನ ಮಿಲಿಪುಟ್ ಇನ್ನೊಂದು ಬಗೆ. ನೀರು ಮುಟ್ಟಿಸಿದರೆ ಬೆಣ್ಣೆಯ ಹಾಗೆ ನಯವಾಗುತ್ತದೆ, ಗಟ್ಟಿಯಾದ ಮೇಲೆ ಅರದಿಂದ ಉಜ್ಜಬಹುದು. ಸುಮಾರು 130 ಡಿಗ್ರಿಯಲ್ಲಿ ಬೇಯಿಸುವ ಪಾಲಿಮರ್ ಜೇಡಿಯೂ ಉಂಟು. ಬೇಯಿಸುವ ತನಕ ಗಟ್ಟಿಯಾಗದ್ದರಿಂದ ಆತುರವಿಲ್ಲ. ಆದರೆ ಇಷ್ಟು ಸಣ್ಣ ಬೊಂಬೆಯಲ್ಲಿ ಬೆರಳು ತಾಗಿದರೆ ಹಿಂದಿನ ದಿನದ ಮೂಗು ಚಪ್ಪಟೆ.

ನಾನು ಶುರು ಮಾಡಿದ್ದು ಹಾರ್ಡ್‌ವೇರ್ ಅಂಗಡಿಯ ಪುಟ್ಟಿಯಲ್ಲಿ. ತಲೆಗೆ ಒಂದು ಆಕಾರ ಬರುವಷ್ಟರಲ್ಲಿ ಅದು ಕಲ್ಲಾಗಿರುತ್ತಿತ್ತು. ತಪ್ಪು ಪುಟ್ಟಿಯದಲ್ಲ. ಸೋರುವ ಪೈಪಿಗೆ ಬೇಕಾದದ್ದು ಅವಸರ, ಮೂಗಿಗೆ ಬೇಕಾದದ್ದು ನಿಧಾನ. ಗ್ರೀನ್ ಸ್ಟಫ್ ಒಂದು, ಒಂದೂವರೆ ಗಂಟೆ ನಮ್ಮ ಮಾತು ಕೇಳುತ್ತದೆ. ಆ ಅವಧಿಯಲ್ಲೂ ಒಂದೇ ಸ್ವಭಾವವಿಲ್ಲ. ನಾದಿದ ಹೊಸದರಲ್ಲಿ ಹಲಸಿನ ಮೇಣದ ಹಾಗೆ ಅಂಟಂಟು. ಆಗ ಹೊಟ್ಟೆ, ತೊಡೆಗಳಿಗೆ ಮಾಂಸ ತುಂಬಬೇಕು. ಮುಕ್ಕಾಲು ಗಂಟೆ ಕಳೆದ ಮೇಲೆ ಬಿಗಿಯಾಗುತ್ತದೆ. ತುಟಿಯ ಅಂಚು, ಬೆರಳಿನ ಸಂದು, ಬೆಲ್ಟಿನ ಗೆರೆ ಆಗ ಎಳೆದರೆ ನಿಲ್ಲುತ್ತವೆ. ಹೊಸದರಲ್ಲೇ ಗೆರೆ ಎಳೆಯಲು ಹೋದರೆ ಮೆಲ್ಲಗೆ ಮುಚ್ಚಿಕೊಂಡುಬಿಡುತ್ತವೆ. ನಾನು ಆರು ತಿಂಗಳು 'ನನ್ನ ಕೈ ಸರಿಯಿಲ್ಲ' ಎಂದು ಕೊರಗಿದ್ದು ವಾಸ್ತವದಲ್ಲಿ ಗಡಿಯಾರ ನೋಡದೆ ಇದ್ದುದಕ್ಕೆ.

ಉಳಿದ ಹಸಿರು ಉಂಡೆಯನ್ನು ಫ್ರೀಜರಿನಲ್ಲಿಟ್ಟರೆ ಗಟ್ಟಿಯಾಗುವುದು ನಿಧಾನವಾಗುತ್ತದೆ ಎಂದು ಕೇಳಿ ಹಾಗೆ ಮಾಡಿದೆ. ಅದು ನಿಜ. ಆದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಉಂಡೆ ನೋಡಲು ಥೇಟ್ ಪುದೀನ ಚಟ್ನಿ. ನಮ್ಮ ಮನೆಯಲ್ಲಿ ಆಮೇಲೆ ಒಂದು ಕಾನೂನು ಬಂತು, ನ್ಯಾಯವಾಗಿಯೇ ಬಂತು: ತಿನ್ನುವ ಪದಾರ್ಥದ ಹತ್ತಿರ ಇದು ಸುಳಿಯಕೂಡದು. ಗಟ್ಟಿಯಾಗದ ಎಪಾಕ್ಸಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತೆಳು ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು. ಗಟ್ಟಿಯಾದದ್ದನ್ನು ಉಜ್ಜುವಾಗ ಏಳುವ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು. ಇಷ್ಟು ಎಚ್ಚರಿಕೆ ಸಾಕು.

ಪುಟ್ಟಿಗೂ ಮುಂಚೆ ತಂತಿ. ಎಲೆಕ್ಟ್ರಿಷಿಯನ್ ಬಿಟ್ಟುಹೋದ ತಾಮ್ರದ ತುಂಡು ಸಾಕು, ಬಗ್ಗಿಸಿದ ಪೇಪರ್ ಕ್ಲಿಪ್ ಆದರೂ ಆದೀತು. ಕಾಗದದ ಮೇಲೆ ಕಡ್ಡಿಮನುಷ್ಯನನ್ನು ಬರೆದು, ಅಂಗಾಲಿನಿಂದ ಕಣ್ಣಿನ ಮಟ್ಟಕ್ಕೆ 28 ಮಿಲಿಮೀಟರ್ ಅಳೆದು, ತಂತಿಯನ್ನು ಅದರ ಮೇಲಿಟ್ಟು ಕೀಲುಗಳಲ್ಲಿ ಬಗ್ಗಿಸಿ, ಬಾಟಲಿಯ ಬಿರಡೆಗೆ ಚುಚ್ಚಿ ನಿಲ್ಲಿಸುವುದು. ಹೊಸಬರೆಲ್ಲ ಇಲ್ಲಿ ಎಡವುತ್ತಾರೆ, ನಾನೂ ಎಡವಿದ್ದೆ. ತಂತಿಯನ್ನು ಪೆರೇಡಿಗೆ ನಿಂತ ಪೊಲೀಸಪ್ಪನ ಹಾಗೆ ನೆಟ್ಟಗೆ ನಿಲ್ಲಿಸಿ, ಮೇಲೆ ಎಷ್ಟು ಚೆಂದದ ಕವಚ ತೊಡಿಸಿದರೂ ಬೊಂಬೆಗೆ ಜೀವ ಬರುವುದಿಲ್ಲ. ಬೇಲೂರಿನ ಮದನಿಕೆಯರನ್ನು ಒಮ್ಮೆ ಆಭರಣ ಮರೆತು ನೋಡಿ. ಭಾರವೆಲ್ಲ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ, ತಲೆ ಮತ್ತೆ ಈ ಕಡೆ. ತ್ರಿಭಂಗಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪದ ನನಗೆ ಅರ್ಥವಾದದ್ದು ಮೂರಿಂಚು ತಂತಿ ಬಗ್ಗಿಸುವಾಗ. ಬರೀ ತಂತಿಯನ್ನು ನೋಡಿಯೇ ಇವನು ಓಡುತ್ತಿದ್ದಾನೋ ಬೀಳುತ್ತಿದ್ದಾನೋ ಹೇಳಲಾಗದಿದ್ದರೆ ಪುಟ್ಟಿ ನಾದಬೇಡಿ.

ಆಮೇಲೆ ಬರುವುದು ಈ ಕಲೆಯ ನಿಜವಾದ ಕಿಲಾಡಿತನ. ಸಣ್ಣ ಬೊಂಬೆ ಎಂದರೆ ದೊಡ್ಡ ಮನುಷ್ಯನನ್ನು ಕುಗ್ಗಿಸಿದ್ದು ಎಂದು ನಾನು ತಿಳಿದಿದ್ದೆ. ಲೆಕ್ಕ ಹಾಕಿ ನೋಡಿ. ಆರಡಿಗೆ ಸ್ವಲ್ಪ ಕಡಿಮೆ ಇರುವ ಮನುಷ್ಯ 28 ಮಿಲಿಮೀಟರ್ ಅಳತೆಗೆ ಇಳಿದಾಗ ಹೆಚ್ಚುಕಡಿಮೆ 60ರಲ್ಲಿ ಒಂದು ಪಾಲಾಗುತ್ತಾನೆ. ಅವನ ಕತ್ತಿಯ ಅಲಗು ಐದು ಮಿಲಿಮೀಟರ್ ದಪ್ಪವಿದ್ದರೆ ಬೊಂಬೆಯಲ್ಲಿ ಅದು ಒಂದು ಮಿಲಿಮೀಟರಿನ ಹನ್ನೆರಡನೇ ಒಂದು ಭಾಗ! ಅಷ್ಟು ತೆಳುವಾದದ್ದು ಎರಕದ ಅಚ್ಚಿನಲ್ಲಿ ತುಂಬುವುದಿಲ್ಲ, ತುಂಬಿದರೂ ಮುಟ್ಟಿದರೆ ಮುರಿಯುತ್ತದೆ. ಹಾಗಾಗಿ ಶಿಲ್ಪಿ ಒಂದು ಮಿಲಿಮೀಟರ್ ದಪ್ಪದ ಕತ್ತಿ ಮಾಡುತ್ತಾನೆ. ಅದನ್ನು ಮತ್ತೆ ಮನುಷ್ಯನ ಅಳತೆಗೆ ಹಿಗ್ಗಿಸಿದರೆ ಆರು ಸೆಂಟಿಮೀಟರ್ ದಪ್ಪದ ತೊಲೆ. ಯಾರೂ ಎತ್ತಲಾರರು. ಆದರೂ ಮೇಜಿನ ಮೇಲೆ ಅದು ಕತ್ತಿಯ ಹಾಗೇ ಕಾಣುತ್ತದೆ. ಅಂಗಿಯ ಒಂದು ಸೆಂಟಿಮೀಟರ್ ಆಳದ ಸುಕ್ಕನ್ನು ಅಳತೆಗೆ ಸರಿಯಾಗಿ ಕುಗ್ಗಿಸಿದರೆ ಎರಡು ಕೋಟು ಬಣ್ಣದಡಿ ಹೂತುಹೋಗುತ್ತದೆ. ಕೈ ಮೂರು ಮಿಲಿಮೀಟರ್ ಇರಬೇಕು, ಆದರೆ ಅಷ್ಟೇ ಮಾಡಿದರೆ ಮೊಂಡುಕೈಯ ಹಾಗೆ ಕಾಣುತ್ತದೆ. ಆದ್ದರಿಂದ ಕೈ ದೊಡ್ಡದು, ತಲೆ ದೊಡ್ಡದು, ಹುಬ್ಬು ಬಂಡೆ, ಸುಕ್ಕು ಕಣಿವೆ. ಈ ಕ್ಷೇತ್ರದವರು ಇದನ್ನು 'ಹಿರೋಯಿಕ್ ಸ್ಕೇಲ್' ಅನ್ನುತ್ತಾರೆ.

ಇದು ನಮಗೆ ಹೊಸದೇನೂ ಅಲ್ಲ. ಯಕ್ಷಗಾನದ ಬಣ್ಣದ ವೇಷವನ್ನು, ವೇಷ ಕಟ್ಟುವ ಚೌಕಿಯಲ್ಲಿ, ಒಂದು ಗೇಣಿನ ಅಂತರದಿಂದ ನೋಡಿದವರಿಗೆ ಗೊತ್ತು, ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟೆಯ ಮುಳ್ಳು, ತಲೆಗಿಂತ ಎಷ್ಟೋ ಪಟ್ಟು ಅಗಲದ ಕಿರೀಟ. ಹತ್ತಿರದಿಂದ ಎಲ್ಲವೂ ಅತಿ. ಅದೇ ವೇಷ ದೊಂದಿ ಬೆಳಕಿನ ಬಯಲಿನಲ್ಲಿ, ಕೊನೆಯ ಸಾಲಿನ ಚಾಪೆಯಲ್ಲಿ ಕೂತವನ ಕಣ್ಣಿಗೆ ಸರಿಯಾದ ರಾಕ್ಷಸ. ಮೇಜಿನ ಬೊಂಬೆಯನ್ನೂ ಆಟಗಾರ ಮೂರಡಿ ದೂರದಿಂದ ನೋಡುತ್ತಾನೆ. ಭೂತಗನ್ನಡಿ ಹಿಡಿದು ಮಾಡುವಾಗ ನಾವು ಚೌಕಿಯಲ್ಲಿರುತ್ತೇವೆ, ನೋಡುವವನು ಬಯಲಿನಲ್ಲಿರುತ್ತಾನೆ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಭೂತಗನ್ನಡಿ ಕೆಳಗಿಟ್ಟು ಎದ್ದು ನಿಂತು ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ನನ್ನ ಕೆಲಸ ಸುಧಾರಿಸಿದ್ದರಲ್ಲಿ ಅರ್ಧ ಪಾಲು ಈ ಎದ್ದು ನಿಲ್ಲುವುದಕ್ಕೆ ಸಲ್ಲಬೇಕು.

ಉಪಕರಣದ ಹುಚ್ಚು ಬೇಡ. ಇಂಗ್ಲೆಂಡಿನ ಶಿಲ್ಪಿಗಳ ಕೈಯಲ್ಲಿ ಸದಾ ಇರುವುದು ದಂತವೈದ್ಯರು ಮೇಣ ಕೆತ್ತುವ ಕಡ್ಡಿ, ಒಂದು ತುದಿ ಎಲೆಯ ಹಾಗೆ, ಇನ್ನೊಂದು ಸಣ್ಣ ಸೌಟಿನ ಹಾಗೆ. ನನಗೆ ಗೆಳೆಯನೊಬ್ಬ ತನ್ನ ಕ್ಲಿನಿಕ್‌ನಲ್ಲಿ ಮೊಂಡಾದದ್ದನ್ನು ಕೊಟ್ಟ. ಅದರ ಜೊತೆಗೆ ಹಳೇ ಪೆನ್ನಿಗೆ ಸಿಕ್ಕಿಸಿದ ಹೊಲಿಗೆ ಸೂಜಿ, ಒಂದು ಟೂತ್‌ಪಿಕ್. ತುದಿ ಒಣಗಿದ್ದರೆ ಪುಟ್ಟಿ ಅಂಟಿಕೊಂಡು ಎದ್ದು ಬರುತ್ತದೆ, ಪಕ್ಕದಲ್ಲಿ ಒಂದು ಮುಚ್ಚಳ ನೀರೋ ಚೂರು ವ್ಯಾಸಲೀನೋ ಇರಲಿ. ಸಾಗರ, ಸೊರಬದ ಗುಡಿಗಾರರು ಗಂಧದ ಕೊರಡಿನಿಂದ ಬೇಡವಾದದ್ದನ್ನು ತೆಗೆಯುತ್ತಾ ಹೋಗುತ್ತಾರೆ. ಇಲ್ಲಿ ತೆಗೆಯುವುದೇ ಇಲ್ಲ, ಒತ್ತುವುದು, ದೂಡುವುದು, ಸಾಲದ ಕಡೆ ಸೇರಿಸುವುದು. ಚಾಕುವಿನಂತೆ ಹಿಡಿದು ಕೊರೆಯಲು ಹೋದವರ ಬೊಂಬೆಗೆ ಗಾಯಗಳಾಗುತ್ತವೆ, ಗೆರೆಗಳಾಗುವುದಿಲ್ಲ.

ಮುಖಕ್ಕೆ ಮೊದಲು ಹೆಸರುಕಾಳಿನಷ್ಟು ದೊಡ್ಡ ತಲೆಬುರುಡೆ ಮಾಡಿ ಒಂದು ದಿನ ಒಣಗಲು ಬಿಡುವುದು. ಮರುದಿನ ಅದರ ಮೇಲೆ ತೆಳು ಪದರ, ನಡುಮಟ್ಟದಲ್ಲಿ ಅಡ್ಡಕ್ಕೆ ಒಂದು ಒತ್ತು, ಎರಡು ಗುಳಿ, ಗುಳಿಗೆ ಗಸಗಸೆಯಷ್ಟು ಎರಡು ಕಣ್ಣು, ನಡುವೆ ಮೂಗಿಗೊಂದು ಚೂರು. ಹೇಳಲು ಎರಡು ವಾಕ್ಯ, ಬರಲು ಎರಡು ವರ್ಷ. ಅದಕ್ಕೇ ಕಲಿಯುವವರಿಗೆ ನನ್ನ ಸಲಹೆ, ಮನುಷ್ಯರನ್ನು ಮುಟ್ಟಬೇಡಿ, ಗಾಬ್ಲಿನ್ ಎಂಬ ಕುಳ್ಳ ಪಿಶಾಚಿ ಮಾಡಿ. ಮನುಷ್ಯನ ಮುಖವನ್ನು ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ, ಕಣ್ಣು ಕೂದಲೆಳೆಯಷ್ಟು ಸರಿದರೂ ಪತ್ತೆಯಾಗುತ್ತದೆ. ಗಾಬ್ಲಿನ್‌ನ ಮೂಗು ಹೀಗೇ ಇರಬೇಕೆಂದು ಹೇಳಲು ಯಾರು ಕಂಡಿದ್ದಾರೆ? ಸಿಟಡೆಲ್‌ನಲ್ಲಿದ್ದ ಕೆವ್ ಆಡಮ್ಸ್ ಗಾಬ್ಲಿನ್ನುಗಳಿಗೇ ಹೆಸರಾದ ಶಿಲ್ಪಿ. ಅವನವು ಕಿಸಿಯುತ್ತವೆ, ಕುಹಕವಾಡುತ್ತವೆ, ಊರಿನ ಯಾವುದೋ ತರಲೆ ಮುದುಕನ ನೆನಪು ತರುತ್ತವೆ. ತಪ್ಪಿಗೆ ಜಾಗವಿರುವ ಕಡೆಯೇ ಭಾವಕ್ಕೂ ಜಾಗ ಇರುತ್ತದೇನೋ.

ಬಟ್ಟೆಯ ವಿಚಾರದಲ್ಲಿ ನನಗೆ ಗುರು ನನ್ನ ಹೆಂಡತಿಯ ಸೀರೆ. ಮಾಂತ್ರಿಕನ ನಿಲುವಂಗಿಗೆ ನಾನು ಬಾಚಣಿಗೆ ಎಳೆದ ಹಾಗೆ ಸಮಾನಾಂತರ ಗೆರೆ ಹಾಕಿದ್ದೆ, ಕಬ್ಬಿಣದ ತಗಡಿನಂತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲಿನ ಡಬ್ಬಿ ತೆಗೆಯಲು ಕೈಯೆತ್ತಿದಾಗ ಹೊಳೆಯಿತು: ಸುಕ್ಕಿಗೆ ಒಂದು ತವರು ಇರುತ್ತದೆ. ಸಿಕ್ಕಿಸಿದ ಜಾಗದಿಂದ, ಚಾಚಿದ ಭುಜದಿಂದ, ಮಡಿಸಿದ ಮಂಡಿಯಿಂದ ಹೊರಟು ಕವಲೊಡೆದು ಸಡಿಲಾಗಿ ಸಾಯುತ್ತದೆ. ಎಲ್ಲಿಂದ ಜಗ್ಗುತ್ತಿದೆ ಎಂದು ಕಂಡುಕೊಂಡರೆ ಉಳಿದ ಗೆರೆಗಳು ತಾವೇ ದಾರಿ ಹೇಳುತ್ತವೆ.

ಈಗ ನಡುಗುವ ಕೈಗೆ ಬರುತ್ತೇನೆ. ನನ್ನ ಕೈಯೂ ನಡುಗುತ್ತದೆ. ಎರಡು ಮಣಿಕಟ್ಟನ್ನೂ ಒಂದಕ್ಕೊಂದು ತಾಗಿಸಿ, ಮೊಣಕೈ ಮೇಜಿಗೆ ಊರಿದರೆ ಬೊಂಬೆಯೂ ಕಡ್ಡಿಯೂ ಒಟ್ಟಿಗೇ ನಡುಗುತ್ತವೆ, ಅಂದರೆ ಒಂದರ ಲೆಕ್ಕದಲ್ಲಿ ಇನ್ನೊಂದು ನಿಂತೇ ಇರುತ್ತದೆ. ಇಷ್ಟೇ ಉಪಾಯ. ಇದು ಸಾಲದು ಅನ್ನುವವರಿಗೆ ಮೈಕೆಲ್ ಪೆರಿಯ ಸಂಗತಿ ಹೇಳುತ್ತೇನೆ. ಮೈಕೆಲ್ ಮತ್ತು ಅಲನ್ ಪೆರಿ ಅವಳಿಗಳು, ಸಿಟಡೆಲ್‌ನ ಆರಂಭದ ದಿನಗಳಿಂದ ಇದ್ದ ಶಿಲ್ಪಿಗಳು. ಹಳೇ ಯುದ್ಧಗಳನ್ನು ವೇಷ ಕಟ್ಟಿ ಆಡಿ ತೋರಿಸುವ ಗೀಳೂ ಇಬ್ಬರಿಗಿದೆ. 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ, 1346ರ ಕಾಳಗ ನಡೆದ ಊರಿನಲ್ಲಿ, ಅಂಥ ಒಂದು ಪ್ರದರ್ಶನದ ವೇಳೆ ಫಿರಂಗಿ ಸಿಡಿದು ಮೈಕೆಲ್ ಬಲಗೈ ಕಳೆದುಕೊಂಡ. ಕೆಲಸ ಮಾಡುತ್ತಿದ್ದ ಕೈಯೇ ಅದು. ಅವನು ಎಡಗೈಯಲ್ಲಿ ಮತ್ತೆ ಕಲಿತ. ಕೆಲವು ವರ್ಷಗಳ ಮೇಲೆ 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾಗಳು ಬಂದಾಗ ಗೇಮ್ಸ್ ವರ್ಕ್‌ಶಾಪ್‌ಗಾಗಿ ಅವುಗಳ ಎಷ್ಟೋ ಪಾತ್ರಗಳನ್ನು ಬೊಂಬೆಯಾಗಿಸಿದವರು ಈ ಅಣ್ಣತಮ್ಮಂದಿರೇ. ತಮ್ಮದೇ ಪೆರಿ ಮಿನಿಯೇಚರ್ಸ್ ಕಂಪನಿಯನ್ನೂ ಕಟ್ಟಿಕೊಂಡರು. ಬಲಗೈ ಜೊತೆ ಹೋಗದೆ ಉಳಿದದ್ದು ಏನು? ಎಲ್ಲಿ ಒತ್ತಬೇಕು, ಯಾವಾಗ ಬಿಡಬೇಕು, ಯಾವ ಗೆರೆ ಬೇಡ ಎಂಬ ತಿಳಿವಳಿಕೆ. ಅದು ಬೆರಳಿನಲ್ಲಿ ಇದ್ದಿದ್ದರೆ ಕ್ರೆಸಿಯಲ್ಲೇ ಮುಗಿಯಬೇಕಿತ್ತು.

ಮೂರು ಆಯಾಮದ ಪ್ರಿಂಟರ್ ಮನೆಮನೆಗೆ ಬಂದಿರುವಾಗ ಇದೆಲ್ಲ ಯಾಕೆ ಎಂದು ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದೊಡ್ಡ ಕಂಪನಿಗಳ ಪ್ಲಾಸ್ಟಿಕ್ ಬೊಂಬೆಗಳು ಈಗ ಕಂಪ್ಯೂಟರಿನಲ್ಲೇ ರೂಪುಗೊಳ್ಳುತ್ತವೆ. ಹಿಂದೆ ಮೂರು ಪಟ್ಟು ದೊಡ್ಡ ಮೂಲವನ್ನು ಕೈಯಿಂದ ಮಾಡಿ ಯಂತ್ರದಿಂದ ಕುಗ್ಗಿಸಿ ಅಚ್ಚು ಕೊರೆಯುತ್ತಿದ್ದರು. ಪರದೆಯ ಮೇಲೆ ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು, ಒಂದು ಕಣ್ಣು ಮಾಡಿದರೆ ಇನ್ನೊಂದು ತಾನೇ ಮೂಡುತ್ತದೆ. ನಾನು ಅದನ್ನೂ ಕಲಿಯಲು ಕೂತಿದ್ದೆ. ಸಾವಿರ ಪಟ್ಟು ಹಿಗ್ಗಿಸಿ ರೆಪ್ಪೆಗೂದಲು ಹಾಕುತ್ತಾ ಕೂತು, ಪ್ರಿಂಟ್ ಬಂದಾಗ ಹುಡುಕಿದರೆ ಕಣ್ಣೇ ಕಾಣಲಿಲ್ಲ. ಮತ್ತೆ ಅದೇ ಚೌಕಿ, ಅದೇ ಬಯಲು. ಜೀವನೋಪಾಯಕ್ಕೆ ಕಲಿಯುವವರು ಕಂಪ್ಯೂಟರನ್ನೇ ಹಿಡಿಯಲಿ. ದಿನವೆಲ್ಲ ಪರದೆ ನೋಡಿ ಬಂದ ನನ್ನಂಥವನು ರಾತ್ರಿಯೂ ಪರದೆ ನೋಡಲಾರೆ, ನನ್ನ ವಾದ ಇಷ್ಟೇ.

ಶುರು ಮಾಡುವವರು ಇಡೀ ಬೊಂಬೆಗೆ ಕೈಹಾಕದೆ ಬರೀ ತಲೆಗಳನ್ನು ಮಾಡಿ. ಟೂತ್‌ಪಿಕ್ಕಿನ ತುದಿಗೊಂದರಂತೆ ಹತ್ತು ತಲೆ, ವಾರಕ್ಕೆರಡು. ಯಾವುದನ್ನೂ ತಿದ್ದಬೇಡಿ, ಬಿಸಾಡಲೂಬೇಡಿ, ಕಡ್ಡಿಯ ಮೇಲೆ ತಾರೀಖು ಬರೆದು ಥರ್ಮೋಕೋಲಿಗೆ ಚುಚ್ಚಿಡಿ. ನನ್ನದರಲ್ಲಿ ಮೊದಲ ಆರು ಬದನೆಕಾಯಿ. ಏಳನೆಯದು ನನ್ನನ್ನು ತಿರುಗಿ ನೋಡಿತು.

ಆ ಮೊದಲ ಓರ್ಕ್ ಈಗ ನನ್ನ ಬಳಿ ಇಲ್ಲ. ಕಳೆದ ದಸರೆಗೆ ಎದುರು ಮನೆಯ ಹುಡುಗಿ ಬಂದು ಕೇಳಿ ತೆಗೆದುಕೊಂಡು ಹೋದಳು. ಗೊಂಬೆ ನೋಡಲು ಹೋದಾಗ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ನಡುವೆ ದಶಾವತಾರ, ಕೆಳಗಿನ ಸಾಲಿನಲ್ಲಿ ದಿನಸಿ ಹರಡಿಕೊಂಡು ಕೂತ ಶೆಟ್ಟಿ ದಂಪತಿ. ಅವರ ಅಂಗಡಿ ಮುಂದೆ, ಎತ್ತರ ಸಾಲದೆಂದು ಬೆಂಕಿಪೊಟ್ಟಣದ ಮೇಲೆ ಹತ್ತಿಸಿ ನಿಲ್ಲಿಸಿದ ನನ್ನ ಓರ್ಕ್. ನಾಲ್ಕಡಿ ದೂರದಿಂದ ಪರವಾಗಿಲ್ಲ ಅನ್ನುವಂತಿದ್ದ. ಕೋಸಂಬರಿ ತಿನ್ನುತ್ತಿದ್ದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, ಇವನ್ಯಾರೇ ಎಂದು ವಿಚಾರಿಸಿದರು. ಹುಡುಗಿ ಸ್ವಲ್ಪವೂ ತಡವರಿಸಲಿಲ್ಲ.

"ಗಣಪತೀನೇ ಅಜ್ಜಿ. ದಂತ ಇನ್ನೂ ಮುರಿದಿಲ್ಲ."